ಸೋಮವಾರ, ಗುರುವಾರ ಮಾತ್ರ ತೆರೆಯದ ಪುಟ

ನಿವೃತ್ತಿಯಾದ ಮೇಲೂ ನನಗೆ ಫೋನುಗಳು ಬರುತ್ತಲೇ ಇವೆ. ದೂರವಾಣಿ ಕಚೇರಿಗೆ ಹೊಸದಾಗಿ ಸೇರಿದವರು, ಗುತ್ತಿಗೆಯ ಮೇಲೆ ಇಂಟರ್‌ನೆಟ್ ಲೈನು ನೋಡಿಕೊಳ್ಳುವವರು, ಒಮ್ಮೊಮ್ಮೆ ನಾನು ಮುಖವನ್ನೇ ನೋಡದವರು. ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ. "ಮೇಡಂ, ಲೈನ್ ಛಲೋ ಐತ್ರಿ, ಲೈಟೆಲ್ಲಾ ಹಸಿರು ಅದಾವ. ಆದ್ರ ಅವರ ಆಫೀಸಿನ್ಯಾಗ ಒಂದ ವೆಬ್‌ಸೈಟ್ ಓಪನ್ ಆಗವಲ್ದು. ಏನ್ ಮಾಡೂದ್ರಿ?"

ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಬಹುದು. ಆದರೆ ಈ ಕೆಲಸದ ಒಳಗು ಎರಡು ಮಾತಿನಲ್ಲಿ ತಿಳಿಯುವಂಥದ್ದಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುವಾಗ ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರ ವೆಬ್‌ಸೈಟೂ ತೆರೆದುಕೊಂಡಿಲ್ಲ.

ನಾನು ಕುಪ್ಪೇಲೂರಿನವಳು. ರಾಣೇಬೆನ್ನೂರಿನ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದಾಗ ಇಂಟರ್‌ನೆಟ್ ಎಂಬ ಶಬ್ದವನ್ನೇ ನಾವು ಕೇಳಿರಲಿಲ್ಲ. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ತೂತುಗಳ ಬೋರ್ಡಿನ ಎದುರು ಕುಳಿತು, ಈ ತೂತಿನಿಂದ ಆ ತೂತಿಗೆ ವೈರು ಚುಚ್ಚಿ ಮಾತು ಕೂಡಿಸುತ್ತಿದ್ದೆವು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳು, ರಾಣೇಬೆನ್ನೂರಿನ ಬೀಜದ ಮತ್ತು ಹತ್ತಿಯ ಮಂದಿ ಮುಂಬೈಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದರು. ದನಿ ಕೇಳದಿದ್ದರೆ ಬೈಗುಳ ನಮಗೇ. ಆಗ ನಾವು ಮೊದಲು ಮಾಡುತ್ತಿದ್ದ ಕೆಲಸವೆಂದರೆ, ಹುಬ್ಬಳ್ಳಿಯ ಆಪರೇಟರನ್ನು ಕರೆದು ಮಾತಾಡಿಸುವುದು. ಅವಳ ದನಿ ಸ್ಪಷ್ಟವಾಗಿ ಬಂದರೆ ದೋಷ ಹುಬ್ಬಳ್ಳಿಯಾಚೆ ಇದೆ. ಬರದಿದ್ದರೆ ಈಚೆ ಇದೆ. ಲೈನಿನ ಯಾವ ತುಂಡು ಗಟ್ಟಿಯಾಗಿದೆ, ಯಾವುದು ಸತ್ತಿದೆ ಎಂದು ಒಂದೊಂದೇ ನಿಲ್ದಾಣದಲ್ಲಿ ಇಳಿದು ನೋಡಿದ ಹಾಗೆ. ಮುಂದೆ ತಾಮ್ರದ ತಂತಿ ಹೋಗಿ ಗಾಜಿನ ಎಳೆ ಬಂತು, ಬೋರ್ಡು ಗುಜರಿಗೆ ಹೋಯಿತು, ನಾನು ಕಂಪ್ಯೂಟರ್ ಕಲಿತೆ. ಆದರೂ ಕೊನೆಯ ದಿನದವರೆಗೆ ನಾನು ಮಾಡಿದ್ದು ಅದೇ ಕೆಲಸ.

ಅದಕ್ಕೊಂದು ಕ್ರಮ ಕಲಿಸಿದವರು ಹಾವೇರಿಯಲ್ಲಿ ನನ್ನ ಮೇಲಧಿಕಾರಿಯಾಗಿದ್ದ ದೇಸಾಯಿ ಸಾಹೇಬರು. ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ ದೂರು ಬಂತೆಂದರೆ ನಮ್ಮವರು ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು. ಹೋದವರೇ ಕಂಬ ಹತ್ತಿ ಕೇಬಲ್ ಕತ್ತರಿಸಿ ಹೊಸದು ಹಾಕುತ್ತಿದ್ದರು. ಸಾಹೇಬರು ಎಲ್ಲರನ್ನೂ ಕೂರಿಸಿ, "ಏನು ಕೆಟ್ಟೈತಿ ಅಂತ ಆಮ್ಯಾಲೆ ಕೇಳ್ರಿ. ಮೊದಲ ಏನೇನು ನಡದೈತಿ ಅಂತ ಕೇಳ್ರಿ" ಎಂದರು. ಒಂದೇ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲವೋ, ಕಚೇರಿಯ ಎಲ್ಲದರಲ್ಲೂ ತೆರೆಯುತ್ತಿಲ್ಲವೋ? ಅದೊಂದೇ ವೆಬ್‌ಸೈಟೋ, ಬೇರೆಯವೂ ಹಾಗೆಯೋ? ಪಕ್ಕದ ಮನೆಯಲ್ಲಿ ಬರುತ್ತದೆಯೋ? ಈ ಮೂರು ಕೇಳಿದರೆ ಅರ್ಧ ಊರು ಓಡಾಡುವುದು ತಪ್ಪುತ್ತದೆ ಎನ್ನುತ್ತಿದ್ದರು. ಅವರು ತಂತಿ ಮುಟ್ಟಿದ್ದನ್ನು ನಾನು ಹೆಚ್ಚು ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಚಹಾ ಕುಡಿಯುತ್ತ ದೂರುಕೊಟ್ಟವರನ್ನು ಮಾತಾಡಿಸುತ್ತಿದ್ದರು. ದೋಷ ಎಲ್ಲಿದೆ ಎಂದು ಚಹಾ ಮುಗಿಯುವಷ್ಟರಲ್ಲಿ ಅವರಿಗೆ ಗೊತ್ತಾಗಿರುತ್ತಿತ್ತು.

ಒಮ್ಮೆ ರಾಣೇಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿಯ ಕಚೇರಿಗೆ ನನ್ನನ್ನು ಕಳಿಸಿದರು. ಪರವಾನಗಿ ನವೀಕರಿಸುವ ಸರಕಾರದ ಜಾಲತಾಣ ಅವರ ಒಂದು ಕಂಪ್ಯೂಟರಿನಲ್ಲಿ ಮಾತ್ರ ತೆರೆಯುತ್ತಿರಲಿಲ್ಲ. 'ಇದು ಸುರಕ್ಷಿತವಲ್ಲ' ಎಂಬ ಕೆಂಪು ಎಚ್ಚರಿಕೆ ಬಂದು ನಿಲ್ಲುತ್ತಿತ್ತು. ಯಾರೋ ವೈರಸ್ ಇದೆ ಎಂದು ಹೇಳಿ ಒಳಗಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದ್ದರು. ಆದರೂ ಅದೇ ಕೆಂಪು. ನಾನು ಪರದೆಯ ಮೂಲೆಯ ತಾರೀಖು ನೋಡಿದೆ. ಎಷ್ಟೋ ವರ್ಷ ಹಿಂದಿನದು. ಒಳಗಿನ ಗುಂಡಿಯಂಥ ಸೆಲ್ಲು ಸತ್ತುಹೋಗಿ, ಪ್ರತಿ ಮುಂಜಾನೆ ಸ್ವಿಚ್ ಹಾಕಿದಾಗ ಕಂಪ್ಯೂಟರು ಆ ಹಳೆಯ ದಿನಕ್ಕೇ ಹೋಗಿ ಕೂರುತ್ತಿತ್ತು.

ಗಡಿಯಾರಕ್ಕೂ ವೆಬ್‌ಸೈಟಿಗೂ ಏನು ಸಂಬಂಧ ಎಂದು ವ್ಯಾಪಾರಿ ನಂಬಲಿಲ್ಲ. ನಾನು ಅವರ ಕಪಾಟಿನ ಕಡೆ ಕೈತೋರಿಸಿ ಹೇಳಿದೆ: "ಬೀಜದ ಪಾಕೀಟು ಕೈಯಾಗ ಹಿಡದ ಕೂಡ್ಲೇ ನೀವು ತಾರೀಖು ನೋಡಂಗಿಲ್ಲೇನ್ರಿ? ವೆಬ್‌ಸೈಟಿಗೂ ಒಂದು ಪ್ರಮಾಣಪತ್ರ ಇರತೈತಿ, ಅದಕ್ಕೂ ತಾರೀಖು ಇರತೈತಿ. ನಿಮ್ಮ ಕಂಪ್ಯೂಟರ್ ಲೆಕ್ಕದಾಗ ಆ ದಿನ ಇನ್ನೂ ಬಂದ ಇಲ್ಲ." ಅವರು ಎದುರಿನ ಗಡಿಯಾರದ ಅಂಗಡಿಗೆ ತಾವೇ ಹೋಗಿ ಸೆಲ್ಲು ತಂದರು. ಪುಟ ತೆರೆದಾಗ ಅವರಿಗಿಂತ ನನಗೇ ಹೆಚ್ಚು ಖುಷಿಯಾಗಿತ್ತು. ನೌಕರಿಗೆ ಸೇರಿ ಮೂವತ್ತು ವರ್ಷ ದಾಟಿದ ಮೇಲೂ ಆ ಖುಷಿ ಕಡಿಮೆಯಾಗಲಿಲ್ಲ ಎಂಬುದನ್ನು ಹೊಸಬರಿಗೆ ಹೇಳಬೇಕು.

ಹಾವೇರಿಯ ಒಂದು ಕಚೇರಿಯಲ್ಲಿ ಇನ್ನೊಂದು ಬಗೆ. ಅಲ್ಲಿ ಪುಟ ಅರ್ಧ ಬರುತ್ತಿತ್ತು. ಮೇಲಿನ ಹೆಸರು, ಲಾಂಛನ ಕಾಣಿಸುತ್ತಿತ್ತು. ಕೆಳಗಿನ ಅರ್ಜಿ ಮಾತ್ರ ಎಷ್ಟು ಕಾದರೂ ಇಲ್ಲ. ಆ ಕಚೇರಿಯ ಮುಖ್ಯಸ್ಥರು ಕೇಬಲ್ಲೇ ಸರಿಯಿಲ್ಲವೆಂದು ಹಟಹಿಡಿದು ಎರಡು ಸಲ ಬದಲಿ ಮಾಡಿಸಿದ್ದರು. ನಾನು ಹೋಗಿ ನೋಡಿದರೆ, ಹೊಸದಾಗಿ ಕೂರಿಸಿದ ಮೋಡೆಮ್ ಒಂದು ಸಲಕ್ಕೆ ಕಳಿಸುವ ಮಾಹಿತಿಯ ಗಂಟಿನ ಅಳತೆ ದೊಡ್ಡದಿತ್ತು, ದಾರಿಯಲ್ಲಿ ಒಂದೆಡೆ ಅಷ್ಟು ದೊಡ್ಡ ಗಂಟು ಹಾಯುತ್ತಿರಲಿಲ್ಲ. ಸಣ್ಣ ಗಂಟುಗಳು ನುಸುಳಿ ಬರುತ್ತಿದ್ದವು, ದೊಡ್ಡವು ಅಲ್ಲೇ ಕಳೆದುಹೋಗುತ್ತಿದ್ದವು. ಮೋಡೆಮಿನಲ್ಲಿ ಒಂದು ಅಂಕಿ ಇಳಿಸಿದೆ, ಅರ್ಜಿ ಬಂತು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡು, ಹಳೆಯ ಕೇಬಲ್ ವಾಪಸ್ ಹಾಕಬಹುದೇ ಎಂದು ಕೇಳಿದರು.

ಇಂಥವು ಬೇಕಾದಷ್ಟಿವೆ. ಆದರೆ ಇಷ್ಟು ವರ್ಷದ ಕೆಲಸದಲ್ಲಿ ಒಂದನ್ನು ಮಾತ್ರ ಆರಿಸಿಕೋ ಎಂದರೆ ನಾನು ಬ್ಯಾಡಗಿಯದನ್ನು ಆರಿಸಿಕೊಳ್ಳುತ್ತೇನೆ. ಅಲ್ಲಿ ಒಂದು ಪುಟ ತೆರೆಯದ್ದರಿಂದ ಒಬ್ಬ ಹೆಣ್ಣುಮಗಳ ಹೆಸರು ಕೆಡುವುದರಲ್ಲಿತ್ತು.

ಬ್ಯಾಡಗಿಯಲ್ಲಿ ರೈತರದೊಂದು ಮಾರಾಟ ಸಂಘವಿತ್ತು. ಸೋಮವಾರ ಮತ್ತು ಗುರುವಾರ ರೈತರು ತಂದ ಮೆಣಸಿನಕಾಯಿಯನ್ನು ಅದರ ಅಂಗಳದಲ್ಲಿ ಲಾಟು ಲಾಟಾಗಿ ಒಟ್ಟುತ್ತಿದ್ದರು. ಖರೀದಿದಾರರು ಸುತ್ತಾಡಿ ಕಾಯಿ ಮುರಿದು, ಬಣ್ಣ ನೋಡಿ, ಲಾಟಿನ ನಂಬರು ಬರೆದುಕೊಂಡು, ಖಾಸಗಿಯವರು ನಡೆಸುತ್ತಿದ್ದ ಒಂದು ಹರಾಜಿನ ಜಾಲತಾಣದಲ್ಲಿ ತಮ್ಮ ದರ ಹಾಕಬೇಕು. ದೊಡ್ಡ ಖರೀದಿದಾರರಿಗೆ ಅಂಗಡಿಯಲ್ಲೇ ಕಂಪ್ಯೂಟರು ಇತ್ತು. ಸಣ್ಣವರು ಸಂಘದ ಕಚೇರಿಗೆ ಬಂದು ಅಲ್ಲಿಯ ಕಂಪ್ಯೂಟರುಗಳಲ್ಲಿ ದರ ಹಾಕುತ್ತಿದ್ದರು. ಫೋನಿನಲ್ಲಿ ದರ ನೋಡಬಹುದಿತ್ತು, ಹಾಕಲು ಬರುತ್ತಿರಲಿಲ್ಲ. ಮಧ್ಯಾಹ್ನ ಹೊತ್ತು ಮೀರಿತೆಂದರೆ ಹರಾಜು ಮುಗಿಯಿತು.

ಆ ಕಚೇರಿಯನ್ನು ನೋಡಿಕೊಳ್ಳುತ್ತಿದ್ದವಳು ಜಯಶ್ರೀ. ಮೋಟೆಬೆನ್ನೂರಿನ ಸೊಸೆ, ಡಿಗ್ರಿ ಮಾಡಿದವಳು, ಚುರುಕು. ರೈತರೆಲ್ಲ ಅವಳನ್ನು ಜಯಕ್ಕ ಎನ್ನುತ್ತಿದ್ದರು. ಆಕೆಯಿಂದ ನಮ್ಮ ಹಾವೇರಿ ಕಚೇರಿಗೆ ಮೇಲಿಂದ ಮೇಲೆ ದೂರು ಬರತೊಡಗಿತು: ಹರಾಜಿನ ಜಾಲತಾಣ ಕಚೇರಿಯಲ್ಲಿ ತೆರೆಯುತ್ತಿಲ್ಲ. ಸಂತೆಯ ಗದ್ದಲದಲ್ಲಿ ಕೆಲಸವಾಗದೆಂದು ನಮ್ಮವರು ಮಂಗಳವಾರವೋ ಶುಕ್ರವಾರವೋ ಹೋಗುತ್ತಿದ್ದರು. ಪುಟ ಸೊಗಸಾಗಿ ತೆರೆಯುತ್ತಿತ್ತು. 'ದೋಷವಿಲ್ಲ' ಎಂದು ಬರೆದು ದೂರು ಮುಚ್ಚಿ ಬರುತ್ತಿದ್ದರು. ಮುಂದಿನ ವಾರ ಮತ್ತೆ ಅದೇ ದೂರು.

ಆಗ ನಮ್ಮ ಮೇಲಧಿಕಾರಿ ಮೈಸೂರು ಕಡೆಯಿಂದ ಬಂದವರು, ವಯಸ್ಸಿನಲ್ಲಿ ನನಗಿಂತ ಕಿರಿಯರು, ಕೆಟ್ಟವರೇನಲ್ಲ. ಆದರೆ ಎಷ್ಟು ದೂರು ಮುಚ್ಚಿದೆವು ಎಂಬುದರ ಮೇಲೆ ಅವರನ್ನು ಮೇಲಿನವರು ಅಳೆಯುತ್ತಿದ್ದರು. "ಲೈನ್ ಚೆನ್ನಾಗಿದೆ ಅಂದ ಮೇಲೆ ಅದು ನಮ್ಮ ತಲೆನೋವಲ್ಲ ಮೇಡಂ. ಸೈಟ್ ನಡೆಸೋರು ನೋಡ್ಕೊಳ್ಳಲಿ" ಎಂದರು. ಸೈಟ್ ನಡೆಸುವವರು ಏನು ಹೇಳುತ್ತಿದ್ದರೆಂದರೆ, ನಮ್ಮ ಕಡೆ ತೆರೆಯುತ್ತಿದೆ, ನಿಮ್ಮ ಲೈನಿನವರನ್ನು ಕೇಳಿ. ಇಬ್ಬರ ನಡುವೆ ಜಯಶ್ರೀ.

ಒಂದು ದಿನ ಅವಳು ಹಾವೇರಿಗೇ ಬಂದಳು. ನನ್ನ ಟೇಬಲ್ಲಿನ ಎದುರು ಕುಳಿತು ಎಲ್ಲವನ್ನೂ ಹೇಳಿದಳು. ಪುಟ ಹರಾಜಿನ ದಿನವೇ, ದರ ಹಾಕುವ ಹೊತ್ತಿಗೇ ನಿಲ್ಲುತ್ತದೆ. ಹರಾಜು ಮುಗಿದು ಒಂದಷ್ಟು ಹೊತ್ತಾದ ಮೇಲೆ ತಾನೇ ಸರಿಹೋಗುತ್ತದೆ. ಸಣ್ಣ ಖರೀದಿದಾರರು ದರ ಹಾಕಲಾಗದೆ ವಾಪಸ್ ಹೋಗುತ್ತಾರೆ, ಲಾಟುಗಳೆಲ್ಲ ದೊಡ್ಡವರ ಪಾಲಾಗುತ್ತವೆ. ಸಂಘದ ಕಚೇರಿಗೆ ತಗುಲಿಯೇ ಒಂದು ದೊಡ್ಡ ಖರೀದಿ ಅಂಗಡಿ ಇದೆ. ಅಲ್ಲಿ ಪುಟ ಒಂದು ದಿನವೂ ನಿಂತಿಲ್ಲ. ಅಲ್ಲಿ ಗುಮಾಸ್ತನಾಗಿರುವವನು ಅವಳ ಮೈದುನ.

"ನಾನ ಬಂದ್ ಮಾಡಾಕತ್ತೇನಿ ಅಂತಾರ್ರೀ ಅಕ್ಕಾರ," ಎಂದಳು. "ಮೈದುನನ ಅಂಗಡಿಗೆ ಅನುಕೂಲ ಆಗಲಿ ಅಂತ ನಾನ ವೈರ್ ಕೀಳತೇನಂತ. ಮುಂದಿನ ಮೀಟಿಂಗಿನ್ಯಾಗ ನನ್ನ ತಗದುಹಾಕೂದು ಖಾತ್ರಿ ಐತಿ. ಕೆಲಸ ಹೋದ್ರ ಹೋಗಲ್ರಿ. ಆ ಮಾತು ಹೊತ್ಕೊಂಡು ಮನೀಗೆ ಹೆಂಗ ಹೋಗಲಿ?"

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಕಳಿಸುತ್ತಿದ್ದೆನೋ ಏನೋ. ನಾನು ಸೋಮವಾರಕ್ಕೆ ರಜೆ ಬರೆದುಕೊಟ್ಟು ಬ್ಯಾಡಗಿಯ ಬಸ್ಸು ಹತ್ತಿದೆ. ಅಧಿಕಾರಿಗಳು ರಜೆ ಚೀಟಿಯ ಮೇಲೆ ಸಹಿ ಹಾಕುವಾಗ ನನ್ನನ್ನೊಮ್ಮೆ ನೋಡಿದರು, ಎಲ್ಲಿಗೆಂದು ಕೇಳಲಿಲ್ಲ.

ಸಂತೆಯ ದಿನ ಬ್ಯಾಡಗಿಯಲ್ಲಿ ಬಸ್ಸಿಳಿದರೆ ಮೊದಲು ಬರುವುದು ಸೀನು. ಅಂಗಳದ ತುಂಬ ಕೆಂಪು ರಾಶಿಗಳು, ಹಮಾಲರ ಕೂಗು, ಟ್ರ್ಯಾಕ್ಟರುಗಳ ಸಾಲು. ನಾನು ಬೆಳಿಗ್ಗೆಯೇ ಹೋಗಿ ಕಚೇರಿಯ ಮೂಲೆಯ ಕುರ್ಚಿಯಲ್ಲಿ ಕುಳಿತೆ. ಏನನ್ನೂ ಮುಟ್ಟಲಿಲ್ಲ. ಪುಟ ತೆರೆಯುತ್ತಿತ್ತು. ಖರೀದಿದಾರರು ಒಬ್ಬೊಬ್ಬರಾಗಿ ಬಂದು ದರ ಹಾಕತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಜನ ಹೆಚ್ಚಿತು. ಆಗ, ಒಬ್ಬರು ದರ ಹಾಕಿ ಗುಂಡಿ ಒತ್ತಿದ್ದೇ ಪುಟ ಬಿಳಿಯಾಯಿತು. ಪಕ್ಕದ ಕಂಪ್ಯೂಟರೂ ಬಿಳಿ. ಅದರ ಪಕ್ಕದ್ದೂ ಬಿಳಿ.

ನಾನೆದ್ದು ನೋಡಿದೆ. ಸುದ್ದಿಯ ಜಾಲತಾಣ ತೆರೆಯಿತು, ಬ್ಯಾಂಕಿನದು ತೆರೆಯಿತು. ಲೈನು ಜೀವಂತವಾಗಿತ್ತು. ಹರಾಜಿನ ತಾಣದ ಹೆಸರು ಕೊಟ್ಟರೆ ಅದರ ಸರಿಯಾದ ವಿಳಾಸವೂ ಸಿಗುತ್ತಿತ್ತು. ನಾವು ಕಳಿಸಿದ್ದು ಅವರ ಬಾಗಿಲವರೆಗೆ ಹೋಗುತ್ತಿತ್ತು, ಅಲ್ಲಿಂದಾಚೆ ಉತ್ತರವೇ ಇಲ್ಲ. ಪಕ್ಕದ ಅಂಗಡಿಗೆ ಹೋಗಿ ಮಾಲೀಕರನ್ನು ಕೇಳಿಕೊಂಡು ನನ್ನ ಲ್ಯಾಪ್‌ಟಾಪನ್ನು ಅವರ ಲೈನಿಗೆ ಹಚ್ಚಿದೆ. ಅದೂ ನಾವೇ ಕೊಟ್ಟ ಲೈನು, ಅದೇ ಕಂಬದಿಂದ ಬಂದದ್ದು. ಅಲ್ಲಿ ಪುಟ ತಟ್ಟನೆ ತೆರೆಯಿತು. ಎರಡು ಗೋಡೆಗಳ ನಡುವೆ ಇದ್ದ ವ್ಯತ್ಯಾಸ ಒಂದೇ. ಇಂಟರ್‌ನೆಟ್ಟಿನಲ್ಲಿ ಪ್ರತಿ ಲೈನಿಗೂ ಒಂದು ವಿಳಾಸ ಇರುತ್ತದೆ. ಸಂಘದ ವಿಳಾಸ ಬೇರೆ, ಅಂಗಡಿಯ ವಿಳಾಸ ಬೇರೆ. ಎಂದರೆ ಹರಾಜಿನ ತಾಣ ಸಂಘದ ವಿಳಾಸಕ್ಕೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿದೆ.

ಯಾಕೆ ಹಾಕಿಕೊಳ್ಳುತ್ತದೆ ಎಂಬುದು ತಿಳಿಯಲಿಲ್ಲ. ನಾಲ್ಕಾರು ಕಂಪ್ಯೂಟರಿಗೆ ಯಾವ ತಾಣವೂ ಬೆದರುವುದಿಲ್ಲ. ಯೋಚಿಸುತ್ತ ಪಡಸಾಲೆಗೆ ಬಂದು ನಿಂತೆ. ಅಲ್ಲಿ ರೈತರು ಗೋಡೆಗೊರಗಿ, ಮೆಟ್ಟಿಲ ಮೇಲೆ, ಚೀಲಗಳ ಮೇಲೆ ಕುಳಿತಿದ್ದರು. ಎಲ್ಲರ ಕೈಯಲ್ಲೂ ಫೋನು. ಎಲ್ಲರೂ ಹೆಬ್ಬೆರಳಿನಿಂದ ಪರದೆಯನ್ನು ಕೆಳಗೆ ಎಳೆದು ಎಳೆದು ಬಿಡುತ್ತಿದ್ದರು, ಪುಟ ಮತ್ತೆ ಹೊಸದಾಗಿ ಬರಲಿ ಎಂದು. ಮೇಡ್ಲೇರಿಯಿಂದ ಬಂದಿದ್ದ ಒಬ್ಬ ಹಿರಿಯರ ಬಳಿ ಕುಳಿತು ಏನು ನೋಡುತ್ತಿದ್ದೀರೆಂದು ಕೇಳಿದೆ.

"ನಮ್ಮ ಲಾಟಿಗೆ ಎಷ್ಟು ರೇಟ್ ಬಂತು ಅಂತ ನೋಡಾಕತ್ತೇನ್ರಿ. ಈಗ ನಿಂತೈತಿ."

ಸಂತೆಯ ದಿನ ಇಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಎಂದು ಕೇಳಿದೆ.

"ಎಲ್ಲಿ ಸಿಗತೈತ್ರೀ, ಇಷ್ಟ ಮಂದ್ಯಾಗ. ಜಯಕ್ಕ ಆಫೀಸಿನ ವೈಫೈ ಪಾಸ್‌ವರ್ಡ್ ಕೊಟ್ಟಾಳ. ಎಲ್ಲಾರೂ ಅದರಾಗ ನೋಡತೇವಿ."

ನನಗೆ ಅಲ್ಲೇ ಹೊಳೆಯಿತು. ಅಂಗಳದ ತುಂಬ ಇದ್ದ ಅಷ್ಟೂ ಫೋನುಗಳು ಹೊರಗಿನವರಿಗೆ ಕಾಣುವುದು ಸಂಘದ ಒಂದೇ ವಿಳಾಸವಾಗಿ. ಒಂದೇ ಮನೆಯಿಂದ ಇಷ್ಟು ಜನ ಒಂದೇ ಸಮನೆ ಬಾಗಿಲು ಬಡಿದರೆ ಒಳಗಿನ ಕಾವಲುಗಾರ ಏನೆಂದುಕೊಂಡಾನು? ಯಾರೋ ದಾಳಿ ಮಾಡುತ್ತಿದ್ದಾರೆ ಎಂದು ಚಿಲಕ ಹಾಕುತ್ತಾನೆ. ಗದ್ದಲ ನಿಂತ ಮೇಲೆ ಒಂದಷ್ಟು ಹೊತ್ತು ಕಾದು ತಾನೇ ತೆಗೆಯುತ್ತಾನೆ. ಮಂಗಳವಾರ ಹೋದವರಿಗೆ ಅಲ್ಲಿ ರೈತರೂ ಇರಲಿಲ್ಲ, ಫೋನುಗಳೂ ಇರಲಿಲ್ಲ, ದೋಷವೂ ಇರಲಿಲ್ಲ. ಜಯಶ್ರೀ ರೈತರಿಗೆ ಮಾಡಿದ ಉಪಕಾರವೇ ಅವಳ ಕೊರಳಿಗೆ ಸುತ್ತಿಕೊಂಡಿತ್ತು.

ಆದರೆ ಹೊಳೆದದ್ದು ಸಾಕಾಗುವುದಿಲ್ಲ. ಹರಾಜಿನ ತಾಣದವರಿಗೆ ಫೋನ್ ಮಾಡಿದೆ; ಅಷ್ಟರಲ್ಲಿ ಹರಾಜು ಮುಗಿದು ಸಂಘದ ಕಚೇರಿಯಲ್ಲೂ ಪುಟ ತೆರೆಯತೊಡಗಿತ್ತು. ಬೆಂಗಳೂರಿನ ಒಬ್ಬ ತರುಣ ಎಂಜಿನಿಯರ್ ಸಿಕ್ಕ. ನಾವು ಯಾರನ್ನೂ ತಡೆಯುವುದಿಲ್ಲ ಮೇಡಂ ಎಂದು ವಿನಯವಾಗಿಯೇ ಹೇಳಿದ. ಅವನ ಎದುರು ಪುಟ ತೆರೆದೇ ಇತ್ತು, ಅವನದೂ ತಪ್ಪಿಲ್ಲ. ಗುರುವಾರ ಮಧ್ಯಾಹ್ನ ನಾನು ಕರೆದಾಗ ಒಂದೇ ಒಂದು ವಿಳಾಸವನ್ನು ನಿಮ್ಮ ಕಾವಲಿನ ವ್ಯವಸ್ಥೆಯಲ್ಲಿ ಹುಡುಕಿ ನೋಡಿ, ಅಷ್ಟು ಸಾಕು ಎಂದು ಕೇಳಿಕೊಂಡೆ. ಒಪ್ಪಿದ.

ಸಂಘದ ಅಧ್ಯಕ್ಷರು ಬಸವಣ್ಣೆಪ್ಪನವರು, ತೂಕದ ಮನುಷ್ಯ. ಅವರ ಬಳಿ ಹೋಗಿ, ಗುರುವಾರ ಹರಾಜಿನ ಹೊತ್ತಿಗೆ ಕಮಿಟಿಯವರೂ ದೂರುವವರೂ ಎಲ್ಲ ಕಚೇರಿಯೊಳಗೆ ಕೂರಬೇಕು, ಜಯಶ್ರೀ ಮಾತ್ರ ಕಚೇರಿಯಲ್ಲಿ ಇರಬಾರದು ಎಂದೆ. ಅವರು ನನ್ನ ಮುಖ ನೋಡಿ, ಏನಾದರೂ ಸಾಬೀತಾಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದೆ. ಹೇಳಿದ್ದು ಧೈರ್ಯವಾಗಿಯೇ, ಬಸ್ಸಿನಲ್ಲಿ ವಾಪಸ್ ಬರುವಾಗ ಮಾತ್ರ, ಗುರುವಾರ ಪುಟ ನಿಲ್ಲದೆ ಹೋದರೆ ಅವಳ ಗತಿಯೇನು ಎಂದು ಯೋಚನೆಯಾಯಿತು. ದೋಷ ಬರಲಿ ಎಂದು ನಾನು ಬೇಡಿಕೊಂಡದ್ದು ಆ ವಾರ ಮಾತ್ರ.

ಗುರುವಾರವೂ ರಜೆ ಹಾಕಿ ಹೋಗಿ, ಜಯಶ್ರೀಯನ್ನು ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ, ಕಚೇರಿಯ ಕಿಟಕಿಯಿಂದ ಎಲ್ಲರಿಗೂ ಕಾಣುವ ಹಾಗೆ ಕೂರಿಸಿದೆ. ಕಂಪ್ಯೂಟರುಗಳ ಮುಂದೆ ಕಮಿಟಿಯವರು ಕುಳಿತರು. ಅವರ ನಡುವೆ ಮಲ್ಲೇಶಪ್ಪ. ಸಣ್ಣ ಖರೀದಿದಾರ; ಜಯಶ್ರೀಯ ಮೇಲೆ ಮೊದಲು ಬೆರಳು ತೋರಿಸಿದವನು ಅವನೇ. ಅವನ ಸಿಟ್ಟು ಸುಳ್ಳಾಗಿರಲಿಲ್ಲ. ಒಳ್ಳೆಯ ಲಾಟುಗಳು ಕಣ್ಣೆದುರೇ ಕೈತಪ್ಪಿ ಹೋಗಿದ್ದವು. ನನಗೂ ನೆಟ್ಟಗೆ ಹೇಳಿದ: "ಸ್ಟೇಷನ್ ರೋಡಿಗೆ ಹೋದ್ರ ನನ್ನ ಫೋನಿನ್ಯಾಗ ಪೇಜ್ ತೆರೀತೈತಿ, ಪಕ್ಕದ ಅಂಗಡ್ಯಾಗ ತೆರೀತೈತಿ. ಈ ಆಫೀಸಿನ್ಯಾಗ ಅಷ್ಟ ತೆರೆಂಗಿಲ್ಲ ಅಂದ್ರ ನಾ ಏನ್ ತಿಳ್ಕೋಬೇಕ್ರಿ?" ಕೇಳಬೇಕಾದ ಪ್ರಶ್ನೆಯೇ ಅದು, ನಾನೂ ಅದನ್ನೇ ಕೇಳಿಕೊಂಡು ಬಂದೆ ಎಂದೆ.

ಮಧ್ಯಾಹ್ನವಾಯಿತು. ಹೊರಗೆ ಪಡಸಾಲೆ ತುಂಬಿತು. ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ಯಾರೂ ವೈರು ಮುಟ್ಟಲಿಲ್ಲ, ಯಾರೂ ಒಳಗೆ ಬರಲಿಲ್ಲ. ಬಸವಣ್ಣೆಪ್ಪನವರ ಎದುರಿನ ಪುಟ ಬಿಳಿಯಾಯಿತು. ಮಲ್ಲೇಶಪ್ಪ ತನ್ನ ಪರದೆ ನೋಡಿದ, ಅದೂ ಬಿಳಿ. ಆಮೇಲೆ ಅವನು ಕಿಟಕಿಯಾಚೆ ನೋಡಿದ. ಜಯಶ್ರೀ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತೇ ಇದ್ದಳು.

ನಾನು ಬೆಂಗಳೂರಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದೆ, ವಿಳಾಸ ಓದಿ ಹೇಳಿದೆ. ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು ಮಾತ್ರ ಕೇಳಿಸಿತು.

"ಹೌದು ಮೇಡಂ," ಎಂದಿತು ಆ ದನಿ. "ಈ ವಿಳಾಸ ಈಗಷ್ಟೇ ಬ್ಲಾಕ್ ಆಗಿದೆ. ಒಂದೇ ಕಡೆಯಿಂದ ವಿಪರೀತ ಬರ್ತಿದೆ ಅಂತ ನಮ್ಮ ಕಾವಲಿನ ಫೈರ್‌ವಾಲ್ ತಾನೇ ಮಾಡಿದೆ. ಹೋದ ಸೋಮವಾರವೂ ಮಾಡಿದೆ. ನಮಗೆ ಗೊತ್ತೇ ಆಗಿಲ್ಲ, ಕ್ಷಮಿಸಿ. ತೆಗೀತಿದ್ದೀನಿ."

ನಾನು ಕಚೇರಿಯ ವೈಫೈ ಆರಿಸಿದೆ. ಪುಟ ಬಂತು, ಹರಾಜು ಮುಗಿಯುವವರೆಗೆ ನಿಲ್ಲಲಿಲ್ಲ. ಮಲ್ಲೇಶಪ್ಪ ತನ್ನ ದರಗಳನ್ನೆಲ್ಲ ಹಾಕಿ ಮುಗಿಸಿ, ಎದ್ದು ಹೊರಗೆ ಹೋದ. ಚಹಾದಂಗಡಿಯ ಮುಂದೆ ನಿಂತು ಜಯಶ್ರೀಗೆ ಏನೋ ಹೇಳಿದ. ಏನು ಹೇಳಿದನೆಂದು ಅವಳು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಇಬ್ಬರೂ ಒಟ್ಟಿಗೆ ಒಳಗೆ ಬಂದರು.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಕಮಿಟಿಯ ಒಬ್ಬರು, ಹಾಗಾದರೆ ರೈತರಿಗೆ ವೈಫೈ ಕೊಡುವುದನ್ನೇ ನಿಲ್ಲಿಸಿಬಿಡೋಣ, ಸುಲಭ ಎಂದರು. ನಾಲ್ಕು ಜನ ತಲೆಯಾಡಿಸಿದರು. ಆಗ ಜಯಶ್ರೀ ಮುಂದೆ ಬಂದು ಹೇಳಿದಳು.

"ಮಾಲು ಅವರದ ಐತ್ರಿ. ರೇಟು ಅವರ ಕಣ್ಣಿಗೆ ಕಾಣಬೇಕು. ಅದನ್ನ ಬಂದ್ ಮಾಡೂದಾದ್ರ ನನ್ನ ಕೆಲಸಾನೂ ನನಗ ಬ್ಯಾಡ."

ತನ್ನ ಹೆಸರು ಉಳಿದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಅದನ್ನು ಪಣಕ್ಕಿಟ್ಟು ಮಾತಾಡುತ್ತಿದ್ದಳು. ಮಲ್ಲೇಶಪ್ಪನೇ ಮೊದಲು ಹೌದೆಂದ. ಅಷ್ಟೂ ಫೋನುಗಳು ಒಂದೇ ಪುಟವನ್ನು ಯಾಕೆ ನೂರು ಸಲ ತರಿಸಬೇಕು, ಒಂದು ದೊಡ್ಡ ಟಿವಿಯಲ್ಲಿ ಒಂದು ಪುಟ ತೆರೆದಿಟ್ಟರೆ ಎಲ್ಲರೂ ನೋಡಬಹುದಲ್ಲ ಎಂದು ನಾನು ಸೂಚಿಸಿದೆ. ಸಭೆಯ ಕೋಣೆಯಲ್ಲಿ ಒಂದು ದೊಡ್ಡ ಟಿವಿ ಇತ್ತು. ಅದರಲ್ಲಿ ಬಸವಣ್ಣೆಪ್ಪನವರು ಕ್ರಿಕೆಟ್ ನೋಡುವುದನ್ನು ಬಿಟ್ಟು ಬೇರೆ ಉಪಯೋಗ ಯಾರೂ ಕಂಡಿರಲಿಲ್ಲ. ಅವರು ಒಂದು ಕ್ಷಣ ತಡೆದು, ತಾವೇ ನಗುತ್ತ ಹಮಾಲರನ್ನು ಕರೆದರು. ಮುಂದಿನ ಸೋಮವಾರ ಆ ಟಿವಿ ಪಡಸಾಲೆಯ ಗೋಡೆಯ ಮೇಲಿತ್ತು. ಓದಲು ಬಾರದವರಿಗೆ ಬಂದವರು ಓದಿ ಹೇಳುತ್ತಿದ್ದರು. ಫೋನಿನಲ್ಲೇ ನೋಡುತ್ತೇವೆ ಎನ್ನುವವರಿಗೆ ಸಂಘವು ಬೇರೆ ಲೈನು ಹಾಕಿಸಿತು. ಬೆಂಗಳೂರಿನವರು ಸಂಘದ ವಿಳಾಸವನ್ನು ತಮ್ಮ ಕಾವಲಿಗೆ ಪರಿಚಯ ಮಾಡಿಕೊಟ್ಟರು.

ಹಾವೇರಿಗೆ ಹೋಗಿ ಅಧಿಕಾರಿಗಳಿಗೆ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿ, ರಜೆ ಅರ್ಜಿಗಳನ್ನು ತರಿಸಿ ರದ್ದು ಮಾಡಿ, ಎರಡೂ ದಿನವನ್ನು ಕೆಲಸದ ದಿನವೆಂದು ಬರೆದರು. ಆಮೇಲೆ ದೂರು ಬಂದ ದಿನ ಮತ್ತು ಹೊತ್ತು ಯಾವುದೆಂದು ಕೇಳದೆ ಯಾರೂ ಹೊರಡಬಾರದೆಂದು ಎಲ್ಲರಿಗೂ ಹೇಳಿದರು. ದೇಸಾಯಿ ಸಾಹೇಬರ ಮೂರು ಪ್ರಶ್ನೆಗಳಿಗೆ ನಾಲ್ಕನೆಯದು ಕೂಡಿದ್ದು ಹಾಗೆ. ಅದನ್ನು ಕೂಡಿಸಿದವಳು ನಾನು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಜಯಶ್ರೀ ಮಾತ್ರ ನನ್ನನ್ನು ಅಷ್ಟಕ್ಕೆ ಬಿಡಲಿಲ್ಲ. ಬಾಗಿಲವರೆಗೆ ಹೋಯಿತು ಎಂದು ಹೇಗೆ ತಿಳಿಯಿತು, ಹೆಸರಿಗೆ ವಿಳಾಸ ಹುಡುಕುವುದು ಹೇಗೆ ಎಂದು ಭಾನುವಾರಗಳಲ್ಲಿ ಹಾವೇರಿಯ ನಮ್ಮ ಮನೆಗೆ ಬಂದು ಕಲಿತಳು. ಕಲಿಸುವುದರಲ್ಲಿ ನಾನು ಜಿಪುಣಳಲ್ಲ. ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಲೇ ಹೇಳಿಕೊಟ್ಟೆ, ಅವಳು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೇಳಿದಳು.

ಮೊನ್ನೆ ನಮ್ಮ ಕಚೇರಿಗೆ ಹೊಸದಾಗಿ ಬಂದವನೊಬ್ಬ ಬ್ಯಾಡಗಿಯಿಂದ ಫೋನ್ ಮಾಡಿದ. ಅಲ್ಲಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ತೆರಿಗೆಯ ಜಾಲತಾಣ ತೆರೆಯುತ್ತಿಲ್ಲವೆಂದು ದೂರಿತ್ತಂತೆ. ನಾನು ಕನ್ನಡಕ ಹುಡುಕಿ, ಪೆನ್ನು ತೆಗೆದುಕೊಂಡು, ಒಂದು ಕಂಪ್ಯೂಟರೋ ಎಲ್ಲವೋ ಎಂದು ಶುರುಮಾಡಿದೆ.

"ಅದೆಲ್ಲಾ ಆಗೇತ್ರಿ ಮೇಡಂ," ಎಂದ ಅವನು. "ನಾ ಬರೂದ್ರಾಗ ಸಂಘದ ಜಯಶ್ರೀ ಮೇಡಮ್ಮಾರು ಬಂದು ಸರಿ ಮಾಡಿ ಹೋಗ್ಯಾರ. ಬ್ಯಾಡಗ್ಯಾಗ ಈಗ ಎಲ್ಲಾರೂ ಮೊದಲ ಅವರನ್ನ ಕರೀತಾರಂತ. ಹೆಂಗ ಮಾಡಿದ್ರು ಅಂತ ನನಗ ತಿಳೀಲಿಲ್ಲ, ಅದಕ್ಕ ನಿಮಗ ಫೋನ್ ಮಾಡೇನಿ."

ನನ್ನನ್ನು ಕೇಳುವ ಬದಲು ಅವಳನ್ನೇ ಹೋಗಿ ಕೇಳು, ಚೆನ್ನಾಗಿ ಹೇಳಿಕೊಡುತ್ತಾಳೆ ಎಂದು ಹೇಳಿ ಫೋನ್ ಇಟ್ಟೆ.